ವಾರ್ನಿಶ್ ಹಚ್ಚದ ಗಂಟು

ಮೊಮ್ಮಗಳು ಆ ಮೋಟರನ್ನು ತಂದು ನನ್ನ ಅಂಗೈ ಮೇಲೆ ಇಟ್ಟಾಗ ಅದು ಮೋಟರ್ ಎಂದು ನಾನು ನಂಬಲಿಲ್ಲ. ಹುಣಸೆ ಬೀಜದಷ್ಟು ಗಾತ್ರ, ಕೂದಲಿನಂಥ ಎರಡು ವೈರು. ಡಫಳಾಪುರದ ನಮ್ಮ ಮನೆಯ ಕಟ್ಟೆಗೆ ಬರುವ ಮೋಟರುಗಳನ್ನು ಇಬ್ಬರು ಹೊತ್ತು ತರುತ್ತಾರೆ. ಬಾವಿಯವು, ಬೋರಿನವು, ಸುಟ್ಟವು, ನೀರು ಕುಡಿದವು. ಅವುಗಳ ಹೊಟ್ಟೆ ಬಿಚ್ಚಿ, ಕರಿದಾದ ತಾಮ್ರದ ತಂತಿ ಕಿತ್ತು, ಹೊಸದು ಸುತ್ತಿ ಕೊಡುವುದು ನನ್ನ ಕೆಲಸ. ಯಜಮಾನರಿಂದ ಕಲಿತದ್ದು, ಅವರು ಹೋದ ಮೇಲೂ ಬಿಟ್ಟಿಲ್ಲ. ಓದಿದ್ದು ಕನ್ನಡ ಶಾಲೆಯಲ್ಲಿ ನಾಲ್ಕನೇ ಇಯತ್ತೆ. ಬರೆಯುತ್ತ ಕೂತರೆ ನಗು ತಡೆಯಲು ಆಗುತ್ತಿಲ್ಲ, ಅದಕ್ಕೇ ಅಕ್ಷರ ಅಲ್ಲಲ್ಲಿ ಸೊಟ್ಟಾಗಿವೆ.

"ಆಯಿ, ಇದು ಸುಟ್ಟೈತಿ. ವೈಂಡಿಂಗ್ ಮಾಡ್ತಿಯೇನ?" ಅಂದಳು.

"ಇದನ್ನ ಯಾವ ಬಾವ್ಯಾಗ ಇಳಿಸಿದ್ರಿ?"

"ಬಾವಿಗೆ ಅಲ್ಲ ಆಯಿ. ಆಕಾಶಕ್ಕ ಹೋಗೋದು."

ಅವಳು ಸಾಂಗಲಿ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಮೂರನೇ ವರ್ಷ ಓದುತ್ತಾಳೆ. ಅವರ ಕಾಲೇಜಿನ ಮಕ್ಕಳು ಊಟದ ಡಬ್ಬಿಯಷ್ಟು ದೊಡ್ಡದೊಂದು ಪೆಟ್ಟಿಗೆ ಮಾಡುತ್ತಿದ್ದರು. ರಾಕೆಟ್ಟು ತನ್ನ ದೊಡ್ಡ ಉಪಗ್ರಹವನ್ನು ಮೇಲೆ ಇಳಿಸಿದ ನಂತರ ಅದರ ಕೊನೆಯ ತುಂಡು ಭೂಮಿಯನ್ನು ಸುತ್ತುತ್ತಲೇ ಇರುತ್ತದಂತೆ. ಆ ತುಂಡಿಗೆ ಇಂಥ ಸಣ್ಣ ಪೆಟ್ಟಿಗೆಗಳನ್ನು ಬೋಲ್ಟು ಹಾಕಿ ಕಳಿಸುತ್ತಾರೆ. ಇವರಿಗೂ ಒಂದು ಜಾಗ ಸಿಕ್ಕಿತ್ತು. ಮೇಲಿನ ಬಿಸಿಲು, ಥಂಡಿ ಅಳೆದು ಅದು ಕೆಳಗೆ ಕೂಗಿ ಹೇಳಬೇಕು. ಕೂಗಲಿಕ್ಕೆ ಬಾಯಿ ಬೇಕಲ್ಲ, ಅದಕ್ಕೆ ಎರಡು ಉಕ್ಕಿನ ಪಟ್ಟಿ. ನೋಡಿದರೆ ಗೌಂಡಿಗಳು ಗೋಡೆ ಅಳೆಯುವ ಟೇಪು, ಇಂಚಿನ ಅಂಕಿ ಸಮೇತ. ಹೋಗುವಾಗ ಮಡಚಿ ಕೂತಿರಬೇಕು, ಮೇಲೆ ಹೋದ ಮೇಲೆ ಚಟ್ಟನೆ ಬಿಚ್ಚಿ ನೆಟ್ಟಗೆ ನಿಲ್ಲಬೇಕು. ಮಡಚಿದ ಪಟ್ಟಿಗಳನ್ನು ಒಂದು ಸೂಜಿಯಂಥ ಪಿನ್ನು ಹಿಡಿದಿರುತ್ತದೆ, ಆ ಪಿನ್ನು ಎಳೆಯುವುದು ಈ ಮೋಟರಿನ ಕೆಲಸ.

"ಬಿಚ್ಚದಿದ್ರ?"

"ಪೆಟ್ಟಿಗಿ ಮೂಕ ಆಗ್ತೈತಿ. ಮ್ಯಾಲ ಹೋಗಿ ಸುಮ್ನ ಸುತ್ಕೊಂತ ಕುಂದರತೈತಿ."

ಪಟ್ಟಿ ಬಿಚ್ಚುವ ಭಾಗ ಪೂರ್ತಿ ನನ್ನ ಮೊಮ್ಮಗಳ ಪಾಲಿಗೆ ಬಂದಿತ್ತು. ಥಂಡಿಯ ಪರೀಕ್ಷೆಯಲ್ಲಿ ಪಿನ್ನು ಅಲುಗಲಿಲ್ಲ, ಮೋಟರು ಸುಟ್ಟಿತು. ಹೊಸ ಮೋಟರು ಹೊರದೇಶದಿಂದ ಬರಬೇಕು, ಯಾವಾಗ ಬರುತ್ತದೋ ಖಾತ್ರಿ ಇಲ್ಲ. ಇನ್ನು ಮೂರು ವಾರಕ್ಕೆ ಕೊನೆಯ ಪರೀಕ್ಷೆ. ಅಷ್ಟರೊಳಗೆ ಬಿಚ್ಚಿ ತೋರಿಸದಿದ್ದರೆ ಆ ಜಾಗ ಬೇರೆ ಕಾಲೇಜಿಗೆ. ಅವಳ ಕಣ್ಣು ಕೆಂಪಗಿದ್ದವು. ಬಸ್ಸಿನ ಧೂಳು ಅಂದಳು. ನಾನು ನಂಬಲಿಲ್ಲ.

ನನ್ನ ಕಸುಬಿನಲ್ಲಿ ಮೊದಲ ಪಾಠ ಒಂದೇ: ಮೋಟರ್ ತಾನಾಗಿ ಸುಡುವುದಿಲ್ಲ, ಯಾರೋ ಸುಡುತ್ತಾರೆ. ತಂದವರೆಲ್ಲ "ನಾವೇನೂ ಮಾಡಿಲ್ರೀ ಅಕ್ಕಾರ, ನಡೀತಿತ್ತು, ನಿಂತ್ತು" ಅನ್ನುತ್ತಾರೆ. ಬಿಚ್ಚಿದರೆ ಒಳಗೆ ಕೆಸರು ಇರುತ್ತದೆ. ಹೀಗಾಗಿ ನಾನು ಮೋಟರಿಗಿಂತ ಮೊದಲು ಮನುಷ್ಯರನ್ನು ಸಂಶಯಪಡುತ್ತೇನೆ.

ಭೂತಗನ್ನಡಿ ಹಿಡಿದು ಬ್ಲೇಡಿನ ತುದಿಯಿಂದ ಅದನ್ನು ಬಿಚ್ಚಿದೆ. ಸುಟ್ಟ ವಾಸನೆ ದೊಡ್ಡ ಮೋಟರಿನದೇ, ಸ್ವಲ್ಪ ಕಡಿಮೆ ಅಷ್ಟೆ. ತಂತಿ ನನ್ನ ಕೈಗೆ ಸಿಗುವ ಜಾತಿಯದಲ್ಲ. ಆದರೆ ಹಲ್ಲಿನ ಗಾಲಿಗಳ ನಡುವೆ ಹಳದಿ ಗ್ರೀಸು ಕಂಡಿತು. ಫ್ರಿಜ್ಜಿನ ಬರ್ಫದ ಡಬ್ಬಿಯೊಳಗೆ ಗಾಲಿಗಳನ್ನು ಇಟ್ಟೆ. ಊಟ ಮುಗಿಸಿ ಬಂದು ತೆಗೆದರೆ ಗ್ರೀಸು ಚಳಿಗಾಲದ ತುಪ್ಪದ ಹಾಗೆ ಗಟ್ಟಿಯಾಗಿತ್ತು, ಉಗುರಿನಿಂದ ತಿರುಗಿಸಿದರೂ ಗಾಲಿ ತಿರುಗಲೊಲ್ಲದು.

"ಇದನ್ನ ಯಾರ್ ಹಾಕಿದ್ರು?"

"ಕಂಪನಿಯಿಂದ ಹಂಗ ಬಂದಿರ್ಬೇಕು ಅಂತ ನಮ್ ಲೀಡರ್ ಅಂದ."

"ಮೋಟರ್ ನಿಂತಾಗ ಕಂಪ್ಯೂಟರ್ ಸ್ಕ್ರೀನ್ ಮ್ಯಾಲ ಏನ್ ಬಂದಿತ್ತು?"

ಅವಳು ತಲೆ ತಗ್ಗಿಸಿದಳು. "ಹಸಿರು ಬಂದಿತ್ತು ಆಯಿ. ಬಿಚ್ಚೈತಿ ಅಂತ."

"ಬಿಚ್ಚಿರಲಿಲ್ಲ."

"ಬಿಚ್ಚಿರಲಿಲ್ಲ. ಕಂಪ್ಯೂಟರ್ ಮೋಟರಿಗೆ ಎಳಿ ಅಂತ ಹೇಳತೈತಿ, ಇಷ್ಟ್ ಸೆಕೆಂಡ್ ಆದ ಮ್ಯಾಲ ಹಸಿರು ಮಾಡತೈತಿ."

"ಅಂದ್ರ ಕೆಲಸ ಹೇಳಿದಾಂವನ್ನಷ್ಟ ಕೇಳ್ಯಾರ, ಕೆಲಸ ಆಗೇತೋ ಇಲ್ಲೋ ಯಾರೂ ಇಣುಕಿ ನೋಡಿಲ್ಲ."

ಈ ಹಸಿರು ದೀಪಗಳ ಪರಿಚಯ ನನಗೆ ಚೆನ್ನಾಗಿದೆ. ಈಗಿನ ಪಂಪಿನ ಪ್ಯಾನಲ್ಲುಗಳಲ್ಲಿ ಅಂಕಿಗಳು ಕುಣಿಯುತ್ತವೆ, ಎಲ್ಲ ಸರಿ ಇದೆ ಎನ್ನುತ್ತವೆ. ಬಾವಿಯೊಳಗೆ ವೈರು ತುಂಡಾಗಿ ಬಿದ್ದಿರುತ್ತದೆ. ನಾನು ಇಂದಿಗೂ ಹೋಲ್ಡರಿಗೆ ಎರಡು ವೈರು ಕಟ್ಟಿದ ಬಲ್ಬಿನಿಂದಲೇ ನೋಡುತ್ತೇನೆ. ಕರೆಂಟು ಹಾದರೆ ಹತ್ತುತ್ತದೆ, ಹಾಯದಿದ್ದರೆ ಇಲ್ಲ. ಆ ಬಲ್ಬಿಗೆ ಸುಳ್ಳು ಹೇಳಲು ಬರುವುದಿಲ್ಲ.

"ಈ ಪಟ್ಟಿ ಎಷ್ಟ್ ಸಲ ಬಿಚ್ಚಬೇಕವ್ವಾ?"

"ಒಂದ ಸಲ."

"ಮತ್ತ ಮಡಚೋದು?"

"ಇಲ್ಲ."

"ಒಂದ ಸಲ ಬಿಚ್ಚೋ ಗಂಟಿಗೆ ಮೋಟರ್ ಯಾಕ ಬೇಕು?"

ಮೋಟರ್ ಸುಡುವಾಗ ಮೊದಲು ಹೋಗುವುದು ತಾಮ್ರವಲ್ಲ, ದಾರ. ಸುತ್ತಿದ ತಂತಿಯ ಕಾಯಿಲುಗಳನ್ನು ನಾವು ಹೆಣೆದ ನೈಲಾನ್ ದಾರದಿಂದ ಬಿಗಿದು ಕಟ್ಟುತ್ತೇವೆ. ತಂತಿ ಕಾದರೆ ದಾರ ಕರಗಿ, ಕಟ್ಟಿದ್ದೆಲ್ಲ ಸಡಿಲಾಗಿ ಬೀಳುತ್ತದೆ. ನಮಗೆ ಅದು ಹಾನಿ. ಇವರಿಗೆ ಅದೇ ಬೇಕಾದದ್ದು. ಪಟ್ಟಿಗಳನ್ನು ದಾರದಿಂದ ಕಟ್ಟು, ದಾರಕ್ಕೆ ತಾಗಿಸಿ ಒಂದು ಕಾಯುವ ತಂತಿ ಇಡು, ಮೇಲೆ ಹೋದ ಮೇಲೆ ತಂತಿಗೆ ಬ್ಯಾಟರಿ ಕೊಡು. ಹಾಗೆಂದೆ.

ಅವಳು ನಗುತ್ತ ನನ್ನ ಮೊಣಕಾಲಿಗೆ ತಲೆಯಿಟ್ಟಳು. "ಇದನ್ನ ನಾ ಮೊದ್ಲ ಹೇಳಿದ್ದೆ ಆಯಿ. ದೊಡ್ಡ ದೊಡ್ಡ ಉಪಗ್ರಹದಾಗೂ ಹಿಂಗ ಮಾಡ್ತಾರ. ಲೀಡರ್ ಬ್ಯಾಡ ಅಂದ. ಹಳೇದು, ನೋಡ್ದೋರು ನಗ್ತಾರ ಅಂದ."

ಆ ಲೀಡರ್ ಹುಡುಗನ ಮುಖ ನೋಡುವ ಮೊದಲೇ ನನಗೆ ಅವನ ಮೇಲೆ ಸಂಶಯ ಬಂತು.

ದಾರದ ಮೇಲೂ ನನಗೆ ನಂಬಿಕೆ ಇರಲಿಲ್ಲ. ನೈಲಾನು ಮೊದಲ ದಿನ ಬಿಗಿಯಾಗಿರುತ್ತದೆ, ನಾಲ್ಕು ದಿನಕ್ಕೆ ಜೋಲುತ್ತದೆ. ದಾರ ಜೋತರೆ ಪಟ್ಟಿ ದಾರಿಯಲ್ಲೇ ಬಿಚ್ಚೀತು. ಜಂತಿಯಿಂದ ದಾರ ಇಳಿಬಿಟ್ಟು ಒಂದು ಕಿಲೋದ ತೂಕ ಕಟ್ಟಿದೆ, ಅದರ ತಳದ ಮಟ್ಟಕ್ಕೆ ಗೋಡೆ ಮೇಲೆ ಪೆನ್ಸಿಲ್ ಗೀಟು ಎಳೆದೆ. ಮೊದಲ ಮೂರು ದಿನ ತೂಕ ಗೀಟಿಗಿಂತ ಕೆಳಗೆ ಇಳಿಯಿತು, ನಾಲ್ಕನೇ ದಿನ ನಿಂತಿತು. ಎಂಟು ದಿನ ತೂಗಾಡಿಸಿ, ಇನ್ನು ಹಿಗ್ಗುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಬಿಚ್ಚಿದೆ. ನೆರೆಮನೆಯಾಕೆ ಬಂದು, "ಏನ್ ಅಕ್ಕಾರ, ದಾರಕ್ಕ ಫಾಶಿ ಕೊಟ್ಟೀರಲ್ಲ" ಅಂದಳು.

"ಕಳ್ಳ ಐತವ್ವಾ. ಒಪ್ಕೊಳ್ಳೋತನಕ ಇಳಿಸೋದಿಲ್ಲ" ಅಂದೆ.

ಮುಂದಿನ ರವಿವಾರ ಮೊಮ್ಮಗಳು ಕಾಲೇಜಿನಿಂದ ಕಾಯುವ ತಂತಿ ತಂದಳು. ಇಸ್ತ್ರಿ ಪೆಟ್ಟಿಗೆಯೊಳಗಿನ ಜಾತಿಯದೇ, ಬಹಳ ಸಪೂರ. ಒಂದು ಪ್ಲಾಸ್ಟಿಕ್ ಡಬ್ಬಿಗೆ ಟೇಪಿನ ತುಂಡು ಸ್ಕ್ರೂ ಮಾಡಿ, ಮಡಚಿ, ದಾರ ಕಟ್ಟಿ ಬ್ಯಾಟರಿ ಮುಟ್ಟಿಸಿದೆವು. ಒಂದು, ಎರಡು, ಮೂರು ಎಣಿಸುವುದರೊಳಗೆ ಟಪ್ ಎಂದು ಟೇಪು ಹಾರಿ ನನ್ನ ಚಸ್ಮಾಕ್ಕೆ ಬಡಿಯಿತು. ಅವಳು ಬಿದ್ದು ಬಿದ್ದು ನಕ್ಕಳು. ನಾನು ಚಸ್ಮಾ ಒರೆಸಿ, "ಮತ್ತೊಮ್ಮೆ" ಅಂದೆ. ಬಿಸಿಲಲ್ಲಿಟ್ಟು ಮಾಡಿದೆವು, ಬರ್ಫದಲ್ಲಿಟ್ಟು ಮಾಡಿದೆವು. ಬಾಗಿಲ ಹಿಂದೆ ಸುಣ್ಣದ ಗೀಟು ಎಳೆಯುತ್ತ ಹೋದೆವು, ನಲವತ್ತಾದವು. ಒಂದೂ ತಪ್ಪಲಿಲ್ಲ.

ಕೊನೆಯ ಪರೀಕ್ಷೆಗೆ ಐದು ದಿನ ಇರುವಾಗ ಮೊಮ್ಮಗಳು ನಿಜವಾದ ಪೆಟ್ಟಿಗೆಯ ಮುಚ್ಚಳವನ್ನೇ ಮನೆಗೆ ತಂದಳು. ಪಟ್ಟಿಗಳು, ತಂತಿ ಎಲ್ಲ ಅದರ ಮೇಲೇ ಇದ್ದವು. ಕಾಲೇಜಿನಲ್ಲಿ ಅವರದೇ ಒಂದು ಪರೀಕ್ಷೆ ಇತ್ತು, ಅದರಲ್ಲಿ ಅವರ ಸರ್ ಒಪ್ಪಬೇಕು. ಗಂಟನ್ನು ನಾನೇ ಹಾಕಿದೆ. ಬೆಳಗಿನ ಬಸ್ಸಿಗೆ ಇಬ್ಬರೂ ಹೊರಟೆವು.

ಕಾಲೇಜಿನ ಕೋಣೆಯಲ್ಲಿ ಸರ್ ಇದ್ದರು, ಲೀಡರ್ ಇದ್ದ. ಎತ್ತರದ ಹುಡುಗ, ಇಸ್ತ್ರಿ ಮಾಡಿದ ಅಂಗಿ. ಅವನ ಮಾತು ಪೂರ್ತಿ ಮರಾಠಿ. ನಮಗೆ ಎರಡೂ ಮನೆಮಾತೇ, ಆದ್ದರಿಂದ ಇಲ್ಲಿ ನಮ್ಮ ಮಾತಿನಲ್ಲೇ ಬರೆಯುತ್ತೇನೆ. ಮುಚ್ಚಳ ನೋಡಿ ಅವನು, "ಆಜಿ, ಇದು ಸಾಲಿ ಹುಡುಗೂರ ಪ್ರದರ್ಶನದ ಸಾಮಾನ ಇದ್ದಂಗ ಕಾಣತೈತಿ" ಅಂದ.

"ಕಾಣ್ಲಿಕ್ಕ ಅಲ್ಲಪ್ಪಾ, ಬಿಚ್ಚಲಿಕ್ಕ ಮಾಡೇವಿ."

ಅಲ್ಲಿ ಸಣ್ಣ ಹಂಡೆಯಷ್ಟು ದೊಡ್ಡ ಗಾಜಿನ ಪಾತ್ರೆ ಇತ್ತು. ಅದರೊಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಹೀರಿ ತೆಗೆಯುತ್ತಾರೆ, ಮೇಲೆ ಗಾಳಿ ಇಲ್ಲವಲ್ಲ. ಮುಚ್ಚಳ ಕೂಡಿಸಿ ಪೆಟ್ಟಿಗೆಯನ್ನು ಒಳಗೆ ಇಟ್ಟವನು ಲೀಡರ್. ಅವನ ಕೈ ಒಳಗೆ ಬಹಳ ಹೊತ್ತು ಇತ್ತು. ಏನನ್ನೋ ಸರಿ ಮಾಡಿದ, ಮತ್ತೆ ಸರಿ ಮಾಡಿದ. ನಾನು ಕಣ್ಣು ಕೀಳದೆ ನೋಡಿದೆ.

ಪಂಪು ಗುರ್ರೆಂದಿತು. ಸರ್ ಸ್ವಿಚ್ಚು ಒತ್ತಿದರು. ಒಂದು, ಎರಡು, ಮೂರು. ಹತ್ತು ಎಣಿಸಿದೆ, ಇಪ್ಪತ್ತು ಎಣಿಸಿದೆ. ತಂತಿ ಕೆಂಪಾದದ್ದು ಗಾಜಿನಾಚೆಯಿಂದ ಕಂಡಿತು. ಪಟ್ಟಿ ಅಲುಗಲಿಲ್ಲ. ಸ್ಕ್ರೀನಿನಲ್ಲಿ ಹಸಿರು ಬಂತು.

ಮೊಮ್ಮಗಳು ಗೋಡೆಗೆ ಒರಗಿ ನಿಂತಳು. ನನ್ನ ಬಾಯಿ ನಿಲ್ಲಲಿಲ್ಲ. "ಒಳಗ ಕೈ ಹಾಕಿದಾಂವ ನೀನ. ಮನ್ಯಾಗ ನಲವತ್ತ್ ಸಲ ಬಿಚ್ಚೈತಿ. ಇಲ್ಲಿ ಯಾಕ ಬಿಚ್ಚವಲ್ದು?" ಎಂದು ಲೀಡರಿಗೆ ಅಂದುಬಿಟ್ಟೆ.

"ಆಯಿ, ಸುಮ್ನ ಇರು" ಅಂದಳು ಅವಳು. ಅವನ ಕಿವಿ ಕೆಂಪಾದವು.

ಸರ್ ಗಾಳಿ ಬಿಟ್ಟು, ಪಾತ್ರೆ ತೆಗೆದು, ಪೆಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟರು. ಎಲ್ಲರೂ ಬಗ್ಗಿ ನೋಡಿದೆವು. ದಾರ ಕಪ್ಪಾಗಿತ್ತು, ಒಳಗಿನ ನೈಲಾನು ಕರಗಿದ್ದೂ ಹೌದು. ಆದರೆ ಅದರ ಸುತ್ತ ಗಾಜಿನ ಕೊಳವೆಯಂಥ ಒಂದು ಸಿಪ್ಪೆ ನಿಂತಿತ್ತು, ತಂತಿಗೆ ಅಂಟಿಕೊಂಡು, ಕಡ್ಡಿಯ ಹಾಗೆ ಸೆಟೆದು. ಸರ್ ಚಿಮುಟದಿಂದ ಮುಟ್ಟಿದರೆ ಟಿಕ್ ಎಂದಿತು.

"ಇದೇನಿದು, ಅಂಟೇನ್ರಿ?" ಅಂದರು ಸರ್.

ನಾನು ಮೂಗು ಹತ್ತಿರ ಒಯ್ದೆ. ಆ ವಾಸನೆ ನನ್ನ ಸೀರೆಯಲ್ಲಿದೆ, ನನ್ನ ಉಗುರಿನಲ್ಲಿದೆ. ನನ್ನ ಮನೆಯ ಗೋಡೆಗೇ ಹಿಡಿದ ವಾಸನೆ ಅದು.

ವಾರ್ನಿಶ್. ಕಾಯಿಲು ಕಟ್ಟಿದ ಮೇಲೆ ಪ್ರತಿ ಗಂಟಿಗೂ ವಾರ್ನಿಶ್ ಹಚ್ಚುತ್ತೇವೆ. ಗಂಟು ಸಡಿಲಾಗಬಾರದು, ಕಾದರೂ ಹೋಗಬಾರದು. ಕಾವು ತಡೆಯಲಿಕ್ಕೇ ಮಾಡಿದ ಎಣ್ಣೆ ಅದು. ಮನೆಯಲ್ಲಿ ಪರೀಕ್ಷೆ ಮಾಡಿದ ಗಂಟುಗಳೆಲ್ಲ ಆಟದವು, ಹಾಗೇ ಬಿಟ್ಟಿದ್ದೆ. ಇದು ನಿಜವಾದ ಗಂಟು, ಗಿರಾಕಿಗೆ ಕೊಡುವ ಗಂಟು. ಬೆಳಿಗ್ಗೆ ಮೊಮ್ಮಗಳು ಜಡೆ ಹಾಕಿಕೊಳ್ಳುತ್ತಿದ್ದಾಗ ಬ್ರಶ್ ತೆಗೆದು ಒಂದು ಹನಿ ಮುಟ್ಟಿಸಿದ್ದೆ. ಮುಟ್ಟಿಸಿದ್ದು ನೆನಪೂ ಇರಲಿಲ್ಲ. ಉಸಿರಾಡಿದ್ದು ಯಾರಿಗೆ ನೆನಪಿರುತ್ತದೆ. ಗಂಟಿಗಷ್ಟೇ ಹಚ್ಚಿದ್ದೆ, ಆದರೆ ಹೆಣೆದ ದಾರ ಬತ್ತಿಯ ಹಾಗೆ. ಬಸ್ಸಿನಲ್ಲಿ ಕೂತಷ್ಟು ಹೊತ್ತು ವಾರ್ನಿಶ್ ಅದರುದ್ದಕ್ಕೂ ಏರಿ ತಂತಿಯವರೆಗೆ ಹೋಗಿತ್ತು.

ಎಲ್ಲರನ್ನೂ ಸಂಶಯಪಟ್ಟೆ, ದಾರವನ್ನು ಎಂಟು ದಿನ ನೇತುಹಾಕಿದೆ. ನನ್ನ ಕೈಯನ್ನು ಮಾತ್ರ ಕೇಳಿರಲಿಲ್ಲ.

"ತಪ್ಪು ನಂದು" ಅಂದೆ. "ವಾರ್ನಿಶ್ ಹಚ್ಚೀನಿ. ರೂಢಿ. ತಮ್ಮಾ, ನಿನಗ ಅಂದದ್ದು ನಾ ವಾಪಸ್ ತಗೋತೀನಿ."

ಲೀಡರ್ ಆ ಕಡ್ಡಿಯಂಥ ದಾರವನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ಸರ್ ಕಡೆಗೆ ತಿರುಗಿ, "ಸರ್, ಆ ಮೋಟರಿಗೆ ಗ್ರೀಸ್ ಹಾಕಿದಾಂವ ನಾನ. ನಮ್ಮಪ್ಪನ ಗ್ಯಾರೇಜಿನ್ಯಾಗ ಗ್ರೀಸ್ ಇಲ್ಲದ ಗಾಲಿ ಹೊರಗ ಬಿಡೋದಿಲ್ಲ. ಕಂಪನಿಯಿಂದ ಹಂಗ ಬಂದೈತಿ ಅಂತ ಸುಳ್ಳ ಹೇಳಿದ್ದೆ" ಅಂದ.

ಸರ್ ಕುರ್ಚಿಯ ಮೇಲೆ ಕೂತುಬಿಟ್ಟರು. "ಚಲೋ ಆತು. ಒಬ್ಬರು ವಾರ್ನಿಶ್, ಒಬ್ಬರು ಗ್ರೀಸ್. ನಾ ಏನ್ ಹಚ್ಲಿ ಹೇಳ್ರಿ?"

ನಗು ಬಂತು, ಆದರೆ ಅರ್ಧಕ್ಕೇ ನಿಂತಿತು. ಯಾಕೆಂದರೆ ಆಗ ಸರ್ ಮೇಜಿನ ಖಾನೆ ಎಳೆದು ಒಂದು ಪುಟ್ಟ ಪೊಟ್ಟಣ ತೆಗೆದರು. ಹೊಸ ಮೋಟರು ಹಿಂದಿನ ದಿನವೇ ಬಂದಿತ್ತು. ಥಂಡಿ ತಡೆಯುವ ಬೇರೆ ಗ್ರೀಸೂ ಬಂದಿತ್ತು. "ಮೋಟರೋ ದಾರಾನೋ ಇವತ್ತ ಹೇಳ್ಬೇಕು. ಎರಡೂ ಇಡಲಿಕ್ಕ ಜಾಗ ಇಲ್ಲ. ಇದು ಯಾರ ಕೆಲಸ ಐತಿ, ಅವರ ಹೇಳ್ಲಿ" ಎಂದು ಮೊಮ್ಮಗಳ ಕಡೆ ನೋಡಿದರು.

ಅವಳು ಎರಡನ್ನೂ ಅಂಗೈ ಮೇಲೆ ಇಟ್ಟುಕೊಂಡು ನೋಡಿದಳು. ನಾನು ತುಟಿ ಕಚ್ಚಿಕೊಂಡಿದ್ದೆ. ಮೋಟರ್ ಅಂದಿದ್ದರೂ ಸರಿ ಎನ್ನುತ್ತಿದ್ದೆ, ನನ್ನ ಮುಖಕ್ಕೆ ಆಗ ಅಷ್ಟೇ ಬೆಲೆ ಇತ್ತು.

"ಮೋಟರ್ ಯಾಕ ನಿಂತ್ತು ಅನ್ನೋದನ್ನ ತಿಳ್ಕೊಳ್ಳಲಿಕ್ಕ ನಮಗ ಹತ್ತ್ ದಿನ ಬೇಕಾತು" ಅಂದಳು. "ದಾರ ಯಾಕ ಬಿಚ್ಚಲಿಲ್ಲ ಅನ್ನೋದು ಬಗ್ಗಿ ನೋಡಿದ ಕೂಡ್ಲೆ ತಿಳೀತು. ನನಗ ದಾರ ಬೇಕು ಸರ್. ತಂತಿ ಮಾತ್ರ ಎರಡು. ಒಂದು ಕೆಟ್ರ ಇನ್ನೊಂದು ಸುಡ್ಲಿ."

"ಎರಡೂ ತಂತಿಗೆ ಒಂದ ಕಂಪ್ಯೂಟರ್ ಹೇಳಿದ್ರ, ಅದು ಮಲಗಿದ್ರ ಎರಡೂ ಮಲಗ್ತಾವ" ಅಂದ ಲೀಡರ್. "ಎರಡನೇದಕ್ಕ ನಾ ಬ್ಯಾರೆ ಟೈಮರ್ ಮಾಡ್ತೀನಿ. ಕಂಪ್ಯೂಟರ್ ಇಲ್ಲದ್ದು. ಅರ್ಧಾ ತಾಸ್ ಎಣಿಸತೈತಿ, ಬ್ಯಾಟರಿ ಕೊಡತೈತಿ, ಮತ್ತೇನೂ ತಿಳಿಯೋದಿಲ್ಲ ಅದಕ್ಕ."

"ಅಂಥಾದ್ದ ಬೇಕು" ಅಂದೆ. "ಮತ್ತ ಆ ಹಸಿರು ದೀಪ?"

"ಪಟ್ಟಿ ತಳಗ ಒಂದು ಬಟನ್ ಇಡ್ತೀನಿ ಆಜಿ, ಫ್ರಿಜ್ಜಿನ ಬಾಗಿಲದಾಗ ಇರ್ತೈತಲ್ಲ ಅಂಥಾದ್ದು. ಪಟ್ಟಿ ಎದ್ರ ಮಾತ್ರ ಹಸಿರು."

ಆ ಹುಡುಗನ ಮೇಲಿನ ಸಂಶಯ ಅಲ್ಲಿಗೆ ಅರ್ಧ ಇಳಿಯಿತು.

ಹೊಸ ದಾರ ನನ್ನ ಚೀಲದಲ್ಲಿತ್ತು, ನೇತುಹಾಕಿ ಹಿಗ್ಗಿಸಿದ್ದೇ. ತೆಗೆದು ಮೇಜಿನ ಹತ್ತಿರ ಸರಿದೆ. ಮೊಮ್ಮಗಳು ನನ್ನ ಕೈಯಿಂದ ಮೆಲ್ಲಗೆ ದಾರ ತೆಗೆದುಕೊಂಡಳು.

"ಗಂಟು ನಾ ಹಾಕ್ತೀನಿ ಆಯಿ. ನೀ ಕೈ ಹಿಂದ ಕಟ್ಕೊಂಡು ನಿಂದ್ರು."

ನಿಂತೆ. ನನ್ನ ಜನ್ಮದಲ್ಲಿ ಬೇರೆಯವರು ಗಂಟು ಹಾಕುವಾಗ ಕೈ ಕಟ್ಟಿ ನಿಂತದ್ದು ಅದೇ ಮೊದಲು. ಎರಡು ಸುತ್ತು, ಒಳಗಿನಿಂದ ಒಂದು ಕುಣಿಕೆ, ತುದಿ ಹಲ್ಲಿನಲ್ಲಿ ಹಿಡಿದು ಎಳೆತ. ಸಣ್ಣವಳಿದ್ದಾಗ ನನ್ನ ಪಕ್ಕ ಕೂತು ನೋಡಿದ್ದನ್ನು ಒಂದೂ ಮರೆತಿರಲಿಲ್ಲ. ಬ್ರಶ್ ಹಿಡಿಯುವುದೊಂದನ್ನು ಬಿಟ್ಟಳು.

ಟೈಮರು ಸಿದ್ಧವಾಗಲು ಮೂರು ದಿನ ಹಿಡಿಯಿತು. ಕಾಲೇಜಿನ ಗಾಜಿನ ಪಾತ್ರೆಯಲ್ಲಿ ಮೊದಲು ಬಿಚ್ಚಿತು, ಆಮೇಲೆ ರಾಕೆಟ್ಟಿನವರ ಕೊನೆಯ ಪರೀಕ್ಷೆಯಲ್ಲೂ ಬಿಚ್ಚಿತು. ಕಳಿಸುವ ಮುಂಚೆ ಕೊನೆಯ ಗಂಟು ಹಾಕಲು ಅವಳು ಹೊರಟಾಗ ನೆರೆಮನೆಯಾಕೆ ಗುಡ್ಡಾಪುರದ ದಾನಮ್ಮನ ವಿಭೂತಿ ತಂದು, ಪೆಟ್ಟಿಗೆಗೆ ಒಂದು ಚಿಟಿಕೆ ಹಚ್ಚಿಬಿಡು ಎಂದಳು.

"ಹುಡುಗಿ ಹಣಿಗೆ ಹಚ್ಚವ್ವಾ" ಅಂದೆ. "ಪೆಟ್ಟಿಗಿಗೆ ಏನೂ ಹಚ್ಚೂದು ಬ್ಯಾಡ. ದಾನಮ್ಮಗ ತಿಳೀತೈತಿ."

ರಾಕೆಟ್ಟು ಏರಿದ್ದನ್ನು ಮೊಬೈಲಿನಲ್ಲಿ ನೋಡಿದೆ. ಬೆಂಕಿ, ಹೊಗೆ, ಚಪ್ಪಾಳೆ. ನನಗೆ ಅದ್ಯಾವುದರ ಮೇಲೂ ಲಕ್ಷ್ಯ ಇರಲಿಲ್ಲ. ಅರ್ಧ ತಾಸು ಆಯಿತು, ಒಂದು ತಾಸು ಆಯಿತು. ಮಧ್ಯಾಹ್ನ ಮೊಮ್ಮಗಳು ಫೋನ್ ಮಾಡಿ, ಮೊದಲ ಸುತ್ತಿನಲ್ಲಿ ಏನೂ ಕೇಳಲಿಲ್ಲ, ಪೆಟ್ಟಿಗೆ ಬಹಳ ದೂರದಿಂದ ಹಾದು ಹೋಯಿತು ಅಂದಳು. ದೂರವಿತ್ತೋ, ಮೂಕವಿತ್ತೋ. ಆ ದಿನ ಒಂದು ಬಾವಿ ಮೋಟರಿನ ಸುತ್ತು ಎರಡು ಸಲ ತಪ್ಪಿ ಎಣಿಸಿದೆ.

ಸಂಜೆಯ ಬಸ್ಸಿಗೆ ಅವಳೇ ಊರಿಗೆ ಬಂದಳು. "ನಾಳೆ ಮುಂಜಾನೆ ನಮ್ಮ ನೆತ್ತಿ ಮ್ಯಾಲ ಹಾದ ಹೋಗತೈತಿ ಆಯಿ. ಇಬ್ರೂ ಕೂಡಿ ಕೇಳೂಣು" ಅಂದಳು. ಕೈಯಲ್ಲಿ ಪ್ಲಾಸ್ಟಿಕ್ ಪೈಪಿಗೆ ಉಕ್ಕಿನ ಪಟ್ಟಿಗಳನ್ನು ಅಡ್ಡಡ್ಡ ಕಟ್ಟಿದ ಒಂದು ಏಂಟೆನಾ ಇತ್ತು. ಹತ್ತಿರ ಹಿಡಿದು ನೋಡಿದೆ, ಪಟ್ಟಿಯ ಮೇಲೆ ಇಂಚಿನ ಅಂಕಿ. ಅದೇ ಟೇಪಿನ ಉಳಿದ ತುಂಡು.

ಬಿಸಿಲು ಏರುವ ಮೊದಲೇ ಮಾಳಿಗೆ ಹತ್ತಿದೆವು. ಅವಳು ಉತ್ತರದ ಕಡೆ ಏಂಟೆನಾ ಹಿಡಿದು ಸಣ್ಣ ರೇಡಿಯೋ ಹಚ್ಚಿದಳು. ಶ್ಶ್ ಎಂಬ ಸದ್ದು ಬಿಟ್ಟರೆ ಏನಿಲ್ಲ. ಅವಳ ಮೇಲ್ದುಟಿಯ ಮೇಲೆ ಬೆವರು. ನಾನು ಆ ಮುಂಜಾನೆಯ ಕೋಳಿಗಳನ್ನೂ ಬೈದೆ.

ಆಮೇಲೆ ಬಂತು. ಕೀಂ. ಸ್ವಲ್ಪ ತಡೆದು ಮತ್ತೆ, ಕೀಂ. ಬಹಳ ಸಣ್ಣದು, ಬಾವಿಯ ತಳದಲ್ಲಿ ಕಪ್ಪೆ ಮರಿ ಕೂಗಿದ ಹಾಗೆ.

"ಆಯಿ" ಅಂದಳು.

"ನಮ್ದ ಅಂತ ಹೆಂಗ ಹೇಳ್ತಿ? ಯಾರದೋ ಮೊಬೈಲ್ ಇರ್ಬೇಕು" ಅಂದೆ. "ಕೊಡಿಲ್ಲಿ."

ಏಂಟೆನಾವನ್ನು ನನ್ನ ಕೈಗೆ ತೆಗೆದುಕೊಂಡು ನೆಲದ ಕಡೆ ತಿರುಗಿಸಿದೆ. ಸದ್ದು ನಿಂತಿತು. ಆಕಾಶಕ್ಕೆ ಎತ್ತಿದೆ, ಬಂತು. ಹಿಂದಕ್ಕೆ ತಿರುಗಿಸಿದೆ, ಹೋಯಿತು. ಮತ್ತೆ ಎತ್ತಿದೆ, ಈ ಸಲ ನೆತ್ತಿಯ ಹತ್ತಿರ, ಜೋರಾಗಿ, ಕೀಂ. ಕರೆಂಟು ಹಾದರೆ ಬಲ್ಬು ಹತ್ತುತ್ತದೆ, ಹಾಯದಿದ್ದರೆ ಇಲ್ಲ. ಮೂರು ಸಲ ಮಾಡಿದೆ. ಮೂರು ಸಲವೂ ಅದು ಹೌದು ಅಂದಿತು.

ಅದು ದಕ್ಷಿಣಕ್ಕೆ ಇಳಿಯುವವರೆಗೂ ನನ್ನ ಕೈ ಅದರ ಹಿಂದೆಯೇ ತಿರುಗಿತು. ಪೂರ್ತಿ ಅಡಗಿದ ಮೇಲೂ ಏಂಟೆನಾ ಕೆಳಗಿಳಿಸಲು ಮನಸ್ಸಾಗಲಿಲ್ಲ. ಮೊಮ್ಮಗಳು ಅಳುತ್ತ ಲೀಡರಿಗೆ ಫೋನ್ ಮಾಡುತ್ತಿದ್ದಳು. ಫೋನಿನಲ್ಲಿ ಅವನು ಕೂಗಿದ್ದು ನನಗೂ ಕೇಳಿತು: "ಆಜಿಗೆ ಹೇಳು, ಹಸಿರು ಬಂದೈತಿ. ಬಟನ್ ಹೇಳಿದ ಹಸಿರು."

ಅವತ್ತು ಕಟ್ಟೆಗೆ ಬಂದವರಿಗೆಲ್ಲ ಹೇಳಿದೆ. ಹಾಲಿನವನಿಗೆ ಹೇಳಿದೆ, ದರಿಬಡಚಿಯಿಂದ ಸುಟ್ಟ ಮೋಟರು ಹೊತ್ತು ತಂದ ಕುರಿಗಾರನಿಗೆ ಎರಡು ಸಲ ಹೇಳಿದೆ. ಅವನು ಆಕಾಶ ನೋಡಿ, ಮೋಟರು ನೋಡಿ, "ಅದೆಲ್ಲ ಚಲೋ ಆತ್ರಿ ಅಕ್ಕಾರ. ಇದು ಯಾವಾಗ ಸಿಗತೈತಿ?" ಅಂದ.

ಸಂಜೆಗೆ ಅಂದೆ. ಕೂತು ತಂತಿ ಸುತ್ತಿದೆ, ಕಾಯಿಲು ಕೂಡಿಸಿದೆ, ದಾರ ಬಿಗಿದು ಗಂಟು ಹಾಕಿದೆ. ಬ್ರಶ್ಶನ್ನು ವಾರ್ನಿಶ್ಶಿನಲ್ಲಿ ಅದ್ದಿ ಎತ್ತಿದ ಕೈ ಅಲ್ಲೇ ನಿಂತಿತು. ಇದು ಬಿಚ್ಚಬಾರದ ಗಂಟು ಎಂದು ಮತ್ತೊಮ್ಮೆ ನೋಡಿಕೊಂಡು, ಆಮೇಲೆ ಹಚ್ಚಿದೆ.